ಮೊಟ್ಟೆಗೂ ಶಾಲೆಗೂ ಸಂಬಂಧವಿಲ್ಲ

ಝೆನ್‌ಜಿಯಾಂಗ್
14 ಮಾರ್ಚ್ 2004, ಭಾನುವಾರ

ಪ್ರೀತಿಯ ಹುಯಿರು ಅಕ್ಕನಿಗೆ,

ನೀನು ಕಳಿಸಿದ ಒಣದ್ರಾಕ್ಷಿ ಬಂದು ಇಪ್ಪತ್ತು ದಿನವಾಯಿತು. ಅರ್ಧ ನಾವು ತಿಂದೆವು, ಕಾಲುಭಾಗ ಇಲಿಯ ಪಾಲಾಯಿತು, ಮಿಕ್ಕಿದ್ದನ್ನು ಡಬ್ಬಿಗೆ ತುಂಬಿ ಮೇಲಿನ ಹಲಗೆಗೆ ಏರಿಸಿದ್ದೇನೆ. ತಲುಪಿತು ಎಂದು ಒಂದು ಸಾಲು ಬರೆಯಲೂ ಕೈ ಬರಲಿಲ್ಲ. ತಪ್ಪು ನನ್ನದೇ. ಐದು ತಿಂಗಳು ಮೊದಲು ಹುಟ್ಟಿದ ಹಕ್ಕಿನಿಂದ ನೀನು ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ.

ಮಂಡಿನೋವು ಹೇಗಿದೆ? ಅಲ್ಲಿ ಶಿಹೆಜಿಯಲ್ಲಿ ಇನ್ನೂ ಹಿಮ ಕರಗಿಲ್ಲ ಎಂದು ಬರೆದಿದ್ದೆ. ಹತ್ತಿ ಗಿರಣಿಯಲ್ಲಿ ಇಪ್ಪತ್ತೈದು ವರ್ಷ ನಿಂತೇ ಕೆಲಸ ಮಾಡಿದ ಕಾಲು ಅದು, ಈಗ ಸಂಬಳವಿಲ್ಲದೆ ದುಡಿಯುವುದಿಲ್ಲ ಎನ್ನುತ್ತಿರಬೇಕು. ರುಯಿರುಯಿಯ ಪರೀಕ್ಷೆ ಮುಗಿಯುವವರೆಗೆ ಮಾತ್ರ ಹಾಸಿಗೆ ಹಿಡಿಯಬೇಡ. ಓದುವ ಮಕ್ಕಳ ಮನೆಯಲ್ಲಿ ತಾಯಿಗೆ ಕಾಯಿಲೆ ಬೀಳುವ ಪುರುಸೊತ್ತು ಇರುವುದಿಲ್ಲ.

ಅವಳು ನಿನ್ನ ಪತ್ರದ ಜೊತೆ ಇಟ್ಟಿದ್ದ ಚೀಟಿ ನೋಡಿದೆ. "ಚಿಕ್ಕಮ್ಮಾ, ಈ ನಾಲ್ಕು ಇಂಗ್ಲಿಷ್ ಪದಗಳಿಗೂ ನಿಘಂಟಿನಲ್ಲಿ ಒಂದೇ ಅರ್ಥ ಕೊಟ್ಟಿದ್ದಾರೆ, ನಿರಾಕರಿಸು ಅಂತ. ಒಂದೇ ಆದ್ರೆ ನಾಲ್ಕು ಯಾಕೆ ಬೇಕಿತ್ತು ಆ ಜನಕ್ಕೆ?" ಎಂದು ಕೇಳಿದ್ದಾಳೆ. ಪ್ರಶ್ನೆ ಚೆನ್ನಾಗಿದೆ. ಇಪ್ಪತ್ತು ವರ್ಷದಿಂದ ನಮ್ಮ ಮಕ್ಕಳು ಇದೇ ಕಡೆ ಮುಗ್ಗರಿಸುತ್ತಾರೆ. ಅವರ ಬಳಿ ಒಂದೇ ಚೀಲ, ಎಲ್ಲ ಬಗೆಯ 'ಇಲ್ಲ'ವನ್ನೂ ಅದರೊಳಗೇ ತುರುಕುತ್ತಾರೆ. ಅವಳಿಗೆ ಹೀಗೆ ಹೇಳು.

ತಟ್ಟೆ ಒಡೆದಿದೆ. 'ನಾನು ಒಡೆದಿಲ್ಲ' ಎಂದರೆ ಅದು ಡಿನೈ. ಅಲ್ಲಿ ಪ್ರಶ್ನೆ ನಡೆದ ಸಂಗತಿಯದ್ದು. ತಟ್ಟೆ ಒಡೆದ ಮಗನನ್ನು ತೋರಿಸಿ ಅಪ್ಪ 'ಇವನು ನನ್ನ ಮಗನೇ ಅಲ್ಲ' ಎಂದರೆ ಡಿಸ್‌ಓನ್. ಅದು ಮನುಷ್ಯನನ್ನೇ ಕಳೆದುಕೊಳ್ಳುವ ಮಾತು. ಗುಂಪಿನ ಫೋಟೋ ತೆಗೆಯುವಾಗ ಅರ್ಧ ಹೆಜ್ಜೆ ಆಚೆ ಸರಿದು ನಿಲ್ಲುತ್ತಾರಲ್ಲ, ಜೊತೆಗಿದ್ದರು ಎಂದರೂ ಸೈ, ಇರಲಿಲ್ಲ ಎಂದರೂ ಸೈ, ಅದಕ್ಕೆ ಇಂಗ್ಲಿಷಿನವರು 'ತಮ್ಮನ್ನು ದೂರ ಇಟ್ಟುಕೊಂಡರು' ಎನ್ನುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಪದ ಅದು. ನಾಲ್ಕನೆಯದು ಡಿಸವೌ. ನಮ್ಮವರು, ನಮ್ಮ ಹೆಸರಿನಲ್ಲಿ, ನಮ್ಮ ಪಕ್ಕದಲ್ಲೇ ನಿಂತು ಮಾಡಿದ್ದನ್ನು 'ಇದರಲ್ಲಿ ನನ್ನ ಕೈಯಿಲ್ಲ, ನನ್ನ ಬೆಂಬಲವೂ ಇಲ್ಲ' ಎಂದು ನಾಲ್ಕು ಜನರ ಮುಂದೆ ಹೇಳುವುದು. ಮನೆಯೊಳಗೆ ಬಾಗಿಲು ಹಾಕಿಕೊಂಡು ಮಾಡುವ ಕೆಲಸವಲ್ಲ ಅದು, ಕೇಳುವವರು ಬೇಕು. ಪರೀಕ್ಷೆಗೆ ಇಷ್ಟು ಸಾಕು.

ಈಗ ನನ್ನ ಸಮಾಚಾರ. ಪತ್ರ ತಡವಾದದ್ದೂ ಇದರಿಂದಲೇ, ಮತ್ತು ಈ ಪದದಿಂದಲೇ.

ಪ್ರತಿ ವರ್ಷ ಕೊನೆಯ ತರಗತಿಗೆಂದು ನಮ್ಮ ಇಂಗ್ಲಿಷ್ ವಿಭಾಗದ ನಾಲ್ವರು ಸೇರಿ ಒಂದು ಪುಟ್ಟ ಪುಸ್ತಕ ಮಾಡುತ್ತೇವೆ. ಮುನ್ನೂರು ಕಷ್ಟದ ಪದ, ಪ್ರತಿಯೊಂದಕ್ಕೂ ಒಂದು ಉದಾಹರಣೆ ವಾಕ್ಯ. ವಿಭಾಗದ ಮುಖ್ಯಸ್ಥೆಯಾಗಿ ನಾನು ಹಾಕಿದ ನಿಯಮ ಒಂದೇ: ವಾಕ್ಯಗಳು ಲಂಡನ್ನಿನ ಸೇತುವೆಯ ಬಗ್ಗೆ ಇರಬಾರದು, ಮಕ್ಕಳು ಕಂಡುಂಡ ವಿಷಯದ ಬಗ್ಗೆ ಇರಬೇಕು. ಅಕ್ಷರಗಳನ್ನು ಹಂಚಿಕೊಂಡು ಬರೆಯುತ್ತೇವೆ, ನಾನು ಪ್ರತಿ ಪುಟ ಓದಿ ಕೆಂಪು ಟಿಕ್ ಹಾಕುತ್ತೇನೆ, ಆಮೇಲೆ ಅಚ್ಚಿಗೆ. ಈ ಸಲ ಡಿ ಅಕ್ಷರ ಪೆಯ್ ಲೀ ಪಾಲಿಗೆ ಬಂತು. ಹೊಸ ಹುಡುಗಿ, ಇಪ್ಪತ್ತನಾಲ್ಕು ವರ್ಷ, ನದಿಯ ನಡುವಿನ ದ್ವೀಪದ ಕಡೆಯವಳು. ಕೆಲಸ ಇನ್ನೂ ಕಾಯಂ ಆಗಿಲ್ಲ, ಈ ಬೇಸಿಗೆಗೆ ಆಗಬೇಕು.

ಕಳೆದ ನವೆಂಬರಿನಲ್ಲಿ ನಮ್ಮ ಶಾಲೆಯ ಊಟದ ಮನೆಯಲ್ಲಿ ಸೋಯಾ ರಸದಲ್ಲಿ ಬೇಯಿಸಿದ ಮೊಟ್ಟೆ ತಿಂದು ಮೂವತ್ತೆಂಟು ಮಕ್ಕಳು ವಾಂತಿ ಮಾಡಿಕೊಂಡರು ಎಂದು ಬರೆದಿದ್ದೆನಲ್ಲ. ಶಾಲೆ ಆಗ ಸೂಚನಾಫಲಕದಲ್ಲಿ ಹೇಳಿಕೆ ಅಂಟಿಸಿತು: ಅಸ್ವಸ್ಥತೆಗೆ ಹಠಾತ್ತನೆ ಬಿದ್ದ ಚಳಿ ಕಾರಣ, ಊಟದ ಮನೆಗೂ ಇದಕ್ಕೂ ಸಂಬಂಧವಿಲ್ಲ. ಅಂದಿನಿಂದ ಮಕ್ಕಳು ಮೊಟ್ಟೆಗೆ 'ಹವಾಮಾನ' ಎನ್ನುತ್ತಾರೆ. "ಇವತ್ತು ಊಟಕ್ಕೆ ಹವಾಮಾನ ಇದ್ಯಾ?" "ಇದೆ, ಎರಡು ತಗೋ, ಕಂಬಳೀನೂ ತಗೋ." ನಗು ಬಂದರೂ ನಾವು ಕೇಳಿಸದವರಂತೆ ಓಡಾಡಿದೆವು.

ಪೆಯ್ ಲೀ ಡಿಸವೌ ಎಂಬ ಪದಕ್ಕೆ ಬರೆದ ವಾಕ್ಯ ಇದು: 'ಮೊಟ್ಟೆಗೂ ತನಗೂ ಸಂಬಂಧವಿಲ್ಲವೆಂದು ಶಾಲೆಯು ಬಹಿರಂಗವಾಗಿ ಹೇಳಿತು.' ನಲವತ್ತೊಂದನೆಯ ಪುಟ. ವ್ಯಾಕರಣದಲ್ಲಿ ಒಂದು ಚುಕ್ಕೆ ತಪ್ಪಿಲ್ಲ. ಶಾಲೆಯ ಹೇಳಿಕೆಯಲ್ಲಿ ಮೊಟ್ಟೆಯ ಮಾತೇ ಇರಲಿಲ್ಲ ಎಂಬುದು ಮಾತ್ರ ಆ ಹುಡುಗಿಯ ನೆನಪಿಗೆ ಬರಲಿಲ್ಲ. ಒಬ್ಬ ವಿದ್ಯಾರ್ಥಿಯ ಅಜ್ಜ ಮೊಮ್ಮಗನಿಗೆ ಪದ ಕೇಳುತ್ತಾ ಕೂತವನು ಇದನ್ನು ನೋಡಿ, ಊರಿನ ಪತ್ರಿಕೆಗೆ ಪತ್ರ ಬರೆದ: ಮೊಟ್ಟೆಯ ಹೆಸರನ್ನು ಶಾಲೆ ಯಾವಾಗ ಎತ್ತಿತು, ಈಗ ಪಾಠ ಯಾಕೆ ಮಾಡುತ್ತಿದೆ ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಆರೋಗ್ಯ ಇಲಾಖೆಯವರು ಮತ್ತೆ ಬಂದು ಅಡುಗೆ ಪಾತ್ರೆಗಳನ್ನು ಮೂಸಿ ಹೋದರು. ಮುಖ್ಯೋಪಾಧ್ಯಾಯರು ಉರಿಯುತ್ತಿದ್ದಾರೆ. ಮುಂದೇನಾಗುತ್ತದೋ ನೋಡಬೇಕು.

ಮಗಳಿಗೆ ಆಶೀರ್ವಾದ. ಮಂಡಿಗೆ ಶುಂಠಿ ಕಾಯಿಸಿ ಕಟ್ಟು.

ನಿನ್ನ ತಂಗಿ,
ಶುಯೂನ್


ಝೆನ್‌ಜಿಯಾಂಗ್
21 ಮಾರ್ಚ್ 2004, ಭಾನುವಾರ

ಹುಯಿರು ಅಕ್ಕ,

ಹೋದ ವಾರವಷ್ಟೇ ಬರೆದವಳು ಮತ್ತೆ ಬರೆಯುತ್ತಿದ್ದಾಳಲ್ಲ, ಏನು ಗ್ರಹಚಾರ ಎಂದುಕೊಳ್ಳಬೇಡ. ಯಾರಿಗಾದರೂ ಹೇಳಬೇಕಾಗಿದೆ, ಮನೆಯಲ್ಲಿರುವ ಗಂಡಸಿಗೆ ಹೇಳಿದರೆ ಗಾದೆ ಹೇಳುತ್ತಾರೆ.

ಬುಧವಾರ ಮುಖ್ಯೋಪಾಧ್ಯಾಯ ಕುವಾಂಗ್ ಕರೆಸಿದರು. ನನಗಿಂತ ಹತ್ತು ವರ್ಷ ಚಿಕ್ಕವರು, ಕೆಟ್ಟವರಲ್ಲ, ಆದರೆ ಕುರ್ಚಿ ಕಟ್ಟಿಕೊಂಡವರು. "ಯಿನ್ ಟೀಚರ್, ಬನ್ನಿ ಬನ್ನಿ, ಕೂತ್ಕೊಳ್ಳಿ, ಚಹಾ ಕುಡೀರಿ" ಎಂದರು. ಅವರು ತಾವೇ ಎದ್ದು ಚಹಾ ಹಾಕಿದರೆ ಸುದ್ದಿ ಕೆಟ್ಟದೆಂದು ಶಾಲೆಗೆಲ್ಲ ಗೊತ್ತು. ಒಂದು ಕಾಗದ ಮುಂದಿಟ್ಟರು. ನಾಲ್ಕು ಸಾಲು. ಆ ವಾಕ್ಯವನ್ನು ಪೆಯ್ ಲೀ ತನ್ನಷ್ಟಕ್ಕೆ ತಾನು ಬರೆದದ್ದು, ವಿಭಾಗದ ಉಳಿದ ಮೂವರು ಅದನ್ನು ಅಚ್ಚಿಗೆ ಮೊದಲು ನೋಡಿರಲಿಲ್ಲ, ಒಪ್ಪಿರಲಿಲ್ಲ, ಅವರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಕೆಳಗೆ ಮೂರು ಸಹಿಗೆ ಜಾಗ.

"ಸಾರ್, ಆ ಪುಟಕ್ಕೆ ನಾನು ಟಿಕ್ ಹಾಕಿದೀನಲ್ಲ" ಎಂದೆ.

"ಆ ಕರಡು ಇನ್ನೂ ಇದ್ಯಾ? ಮನೆ ಬದಲಾಯಿಸೋವಾಗ ಹಳೇ ಕಾಗದ ಎಲ್ಲಾ ಹೋಗ್ಬಿಡುತ್ತೆ."

"ನಾನು ಮನೆ ಬದಲಾಯಿಸಿಲ್ಲ ಸಾರ್. ಹದಿನೇಳು ವರ್ಷದಿಂದ ಅಲ್ಲೇ ಇದೀನಿ."

"ಕಪಾಟಾದ್ರೂ ಕ್ಲೀನ್ ಮಾಡ್ಬಹುದಲ್ಲ ಟೀಚರ್" ಎಂದು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು. "ನೋಡಿ, ಹುಡುಗಿ ಬರೆದಳು, ಹುಡುಗಿ ಉತ್ತರ ಕೊಡ್ತಾಳೆ. ನಿಮ್ಮ ಹೆಸರು ಈ ಸಲ ವಿಶೇಷ ದರ್ಜೆ ಟೀಚರ್ ಪಟ್ಟೀಲಿದೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಇದೇ ಕೊನೇ ಸಲ. ಅದರ ಮೇಲೆ ಮಸಿ ಯಾಕೆ ಚೆಲ್ಕೋತೀರಿ?"

ಲೆಕ್ಕ ಸರಳವಾಗಿದೆ, ಅಕ್ಕ. ನಾವು ಸಹಿ ಹಾಕಿದರೆ ತಪ್ಪು ಒಬ್ಬಳದಾಗುತ್ತದೆ, ಪೆಯ್ ಲೀಯನ್ನು ಕಾಯಂ ಮಾಡದೆ ಮನೆಗೆ ಕಳಿಸುತ್ತಾರೆ. ಅಂಥ ಷರಾ ಬಿದ್ದ ಕಡತ ಹಿಡಿದು ಬಂದವಳನ್ನು ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ನಾನು ಸಹಿ ಹಾಕದಿದ್ದರೆ ತಪ್ಪು ಇಡೀ ವಿಭಾಗದ್ದಾಗುತ್ತದೆ, ಪರೀಕ್ಷೆಗೆ ಎರಡೂವರೆ ತಿಂಗಳಿರುವಾಗ ಇಡೀ ವಿಭಾಗವನ್ನು ಯಾರೂ ಕಿತ್ತುಹಾಕಲಾರರು. ಇನ್ನಿಬ್ಬರ ಸಹಿಗೆ ಬೆಲೆಯಿಲ್ಲ, ಅವರು ಆ ಪುಟ ನಿಜವಾಗಿಯೂ ನೋಡಿರಲಿಲ್ಲ. ನೋಡಿದವಳು ನಾನು. ನೋಡಿದ್ದಷ್ಟೇ ಅಲ್ಲ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದೆ. ಪೆಯ್ ಲೀ ಎದುರಿಗೇ ನಿಂತಿದ್ದಳು.

ನಿರ್ಧಾರಕ್ಕೆ ಏಪ್ರಿಲ್ ಎಂಟರ ಗುರುವಾರದವರೆಗೆ ಸಮಯ ಕೊಟ್ಟಿದ್ದಾರೆ. ಅಂದು ವಿಭಾಗದ ಸಭೆ. ಪ್ರತಿಯೊಬ್ಬರೂ ಎದ್ದು ಬಾಯಲ್ಲಿ ಹೇಳಬೇಕು, ಆಮೇಲೆ ಸಹಿ. ಬಾಯಲ್ಲಿ ಹೇಳಿಸದೆ ಬರೀ ಸಹಿ ತೆಗೆದುಕೊಂಡು ಬಿಡುವ ಅಭ್ಯಾಸ ನಮ್ಮ ಕಡೆ ಯಾವಾಗ ಇತ್ತು?

ಮನೆಯಲ್ಲಿ ನಮ್ಮವರಿಗೆ ಹೇಳಿದೆ. ವಿನೆಗರ್ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಎರಡೇ ಕೆಲಸ, ಹಕ್ಕಿಗೆ ಕಾಳು ಹಾಕುವುದು, ನನಗೆ ಬುದ್ಧಿ ಹೇಳುವುದು. "ಹಾಕೇ ಸಹಿ. ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು" ಎಂದರು.

"ಸಾವಿರ ವರ್ಷ ನಿಮ್ಮ ಜೊತೆ ಸಂಸಾರ ಮಾಡ್ಬೇಕಾ?"

"ನಾನು ಎಪ್ಪತ್ತಕ್ಕೆ ಹೋಗ್ತೀನಿ, ಮಿಕ್ಕಿದ್ದು ನಿಂದೇ. ತಮಾಷೆ ಬಿಡು. ಆ ಹುಡುಗಿಗೆ ವಯಸ್ಸಿದೆ ಕಣೆ, ಇನ್ನೊಂದು ಕೆಲಸ ಸಿಗುತ್ತೆ. ನಿಂಗೆ ಇನ್ನೊಂದು ಸಲ ವಿಶೇಷ ದರ್ಜೆ ಸಿಗುತ್ತಾ?"

ಸಿಗುವುದಿಲ್ಲ. ಮತ್ತು ನನಗೆ ಅದು ಬೇಕು ಅಕ್ಕ, ನಿನ್ನ ಹತ್ತಿರ ಯಾಕೆ ಮುಚ್ಚುಮರೆ. ನಿವೃತ್ತಿಯ ದಿನ ವೇದಿಕೆಯ ಮೇಲೆ ಆ ಬಿರುದಿನ ಜೊತೆ ನನ್ನ ಹೆಸರು ಕೂಗುವಾಗ, ಬೇಡ, ಅದೆಲ್ಲ ಚಿಕ್ಕ ಮನಸ್ಸಿನ ಆಸೆ. ಆದರೂ ಬೇಕು.

ನಿನ್ನೆ ಪೆಯ್ ಲೀ ಮನೆಗೆ ಬಂದಿದ್ದಳು. ಒಂದು ಚೀಲ ಕಿತ್ತಳೆ ತಂದು, ಕುರ್ಚಿಯ ತುದಿಯಲ್ಲಿ ಕೂತಳು. ಅತ್ತು ಗೋಳಾಡುತ್ತಾಳೆಂದು ನಾನು ಕರವಸ್ತ್ರ ಹುಡುಕುತ್ತಿದ್ದೆ. ಅವಳು ಅಳಲಿಲ್ಲ. "ಟೀಚರ್, ನೀವು ಸಹಿ ಹಾಕ್ಬಿಡಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಊರಲ್ಲಿ ಅಪ್ಪ ಎಲ್ರಿಗೂ ಹೇಳ್ಕೊಂಡು ತಿರುಗಿದ್ದಾರೆ, ಮಗಳು ಪಟ್ಟಣದ ಟೀಚರ್ ಅಂತ, ಅವರಿಗೆ ಏನೋ ಒಂದು ಹೇಳ್ತೀನಿ. ಇನ್ನೊಂದು ವಿಷ್ಯ ಟೀಚರ್, ನೀವು ಅದನ್ನ ಓದಿ ನಕ್ಕಿದ್ದು ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ" ಎಂದಳು. ಕಿತ್ತಳೆ ಸುಲಿದು ಅವಳ ಕೈಗಿಟ್ಟೆ.

ಅವಳು ಹೋದ ಮೇಲೆ ನಿಮ್ಮಪ್ಪ ನೆನಪಾದರು. ಚಿಯೂ ದೊಡ್ಡಪ್ಪ ಭಾನುವಾರ ಬೆಳಿಗ್ಗೆ ನಿನಗೂ ನನಗೂ ಒಂದೇ ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರ ತಿದ್ದಿಸುತ್ತಿದ್ದರು, ನಾವು ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ನಗುತ್ತಿದ್ದರು. ಎಪ್ಪತ್ತೇಳರಲ್ಲಿ ವಿಶ್ವವಿದ್ಯಾಲಯದ ಅರ್ಜಿಯಲ್ಲಿ 'ಇಂಗ್ಲಿಷ್ ಎಲ್ಲಿ ಕಲಿತಿರಿ' ಎಂಬ ಪ್ರಶ್ನೆಗೆ 'ರೇಡಿಯೊ ಕೇಳಿ, ಸ್ವಂತವಾಗಿ' ಎಂದು ಬರೆದೆ. ಈಗಲೂ ನನ್ನ ಕಡತದಲ್ಲಿ ಹಾಗೆಯೇ ಇದೆ. ಅವರ ಮಗಳಾದ ನೀನು ಆಮೇಲೆ ಇಂಗ್ಲಿಷ್ ಪುಸ್ತಕ ಮುಟ್ಟಲಿಲ್ಲ, ಅವರ ಮೊಮ್ಮಗಳ ಅನುಮಾನ ಬಗೆಹರಿಸಲು ನನ್ನನ್ನು ಕೇಳುತ್ತೀಯ. ನನಗೆ ನಾಚಿಕೆಯಾಗುತ್ತದೆ ಅಕ್ಕ.

ನನಗೂ ಇಂಥ ಹೇಳಿಕೆ ಹೊಸದಲ್ಲವಲ್ಲ. ವಿದೇಶಿಯರ ನಂಟಿದ್ದವರನ್ನೆಲ್ಲ ಹುಡುಕಿ ಎಳೆದೊಯ್ಯುತ್ತಿದ್ದ ಅರವತ್ತೇಳರ ನವೆಂಬರಿನಲ್ಲಿ ಶಾಲೆಯ ಧ್ವನಿವರ್ಧಕದಲ್ಲಿ ನಾನು ಓದಿದ್ದು ನಿನಗೆ ಗೊತ್ತೇ ಇದೆ. 'ಚಿಯೂ ಕುಟುಂಬಕ್ಕೂ ನನಗೂ ಇಂದಿನಿಂದ ಗೆರೆ ಎಳೆದಿದ್ದೇನೆ.' ಹದಿನಾರು ವರ್ಷ ನಮಗೆ. ಹದಿನೈದು ವರ್ಷದ ಬಳಿಕ ನೀನೇ ಮೊದಲು ಪತ್ರ ಬರೆದೆ, 'ಅದೆಲ್ಲ ಬಲವಂತಕ್ಕೆ ಓದಿದ್ದು, ಬಿಡು' ಎಂದೆ. ನಾನು ಬಿಟ್ಟೆ. ಆಮೇಲೆ ಅದರ ಮಾತು ನಾವಿಬ್ಬರೂ ಎತ್ತಿಲ್ಲ.

ಏನು ಮಾಡಲಿ ಎಂದು ಕೇಳುತ್ತಿಲ್ಲ. ಸುಮ್ಮನೆ ಬರೆದೆ. ರುಯಿರುಯಿಗೆ ಹೇಳು, ಕೇಳಿಸಿಕೊಳ್ಳುವ ಪರೀಕ್ಷೆಗೆ ದಿನಾ ಅರ್ಧ ಗಂಟೆ ಕ್ಯಾಸೆಟ್ ಹಾಕಿಕೊಳ್ಳಲಿ.

ಶುಯೂನ್


ಝೆನ್‌ಜಿಯಾಂಗ್
11 ಏಪ್ರಿಲ್ 2004, ಭಾನುವಾರ

ಪ್ರೀತಿಯ ಹುಯಿರು ಅಕ್ಕನಿಗೆ,

ನಿನ್ನ ಪತ್ರ ಸೋಮವಾರ ಕೈಸೇರಿತು, ಸಮಾಧಿ ಗುಡಿಸುವ ಹಬ್ಬದ ಮರುದಿನ. ಹಬ್ಬಕ್ಕೆ ಗುಡ್ಡ ಹತ್ತಿ ನಮ್ಮ ಅಪ್ಪ ಅಮ್ಮನ ಕಲ್ಲು ತೊಳೆದು ಬಂದಿದ್ದೆ, ಕಾಲು ಹಿಡಿದುಕೊಂಡು ಸೋಫಾದಲ್ಲಿ ಕೂತೇ ಓದಿದೆ. ಎಷ್ಟು ಉದ್ದ ಬರೆದಿದ್ದೀಯ! ನಿನ್ನ ಜನ್ಮದಲ್ಲಿ ಎರಡು ಪುಟ ದಾಟಿದವಳಲ್ಲ.

'ಸಹಿ ಹಾಕು' ಎಂದು ಬರೆದಿದ್ದೀಯ. ನಿನ್ನ ಮಾತನ್ನೇ ಇಲ್ಲಿ ಎತ್ತಿ ಬರೆಯುತ್ತೇನೆ: 'ಆವತ್ತು ಕತ್ತಿನ ಮೇಲೆ ಕೈಯಿಟ್ಟು ಓದಿಸಿದ್ರು, ನಾನೇನಾದ್ರೂ ಅಂದಿದ್ದೀನಾ? ಮನುಷ್ಯರಿಗೆ ಬೇರೆ ದಾರಿ ಇಲ್ದೇ ಇರೋವಾಗ ಹಾಗೇ ಆಗುತ್ತೆ. ನಿನ್ನ ವಯಸ್ಸಿಗೆ ನೆಮ್ಮದಿಯಾಗಿ ಮನೆಗೆ ಹೋಗು. ಆ ಹುಡುಗಿಗೂ ನಾಳೆ ಅರ್ಥ ಆಗುತ್ತೆ, ನಂಗೆ ಆದ ಹಾಗೆ.' ಇದನ್ನು ಐದಾರು ಸಲ ಓದಿದೆ. ಮಡಿಸಿ ಚೀಲದಲ್ಲಿಟ್ಟುಕೊಂಡು ಗುರುವಾರ ಸಭೆಗೆ ಹೋದೆ.

ಸಭೆ ಮೂರು ಗಂಟೆಗೆ, ಪ್ರಯೋಗಾಲಯದ ಪಕ್ಕದ ಕೋಣೆ. ಪೆಯ್ ಲೀಯನ್ನೂ ಕೂರಿಸಿದ್ದರು, ಗೋಡೆಯ ಕಡೆ. ಮುಖ್ಯೋಪಾಧ್ಯಾಯರು ಅದೇ ನಾಲ್ಕು ಸಾಲಿನ ಕಾಗದ ಮೇಜಿನ ಮೇಲಿಟ್ಟರು.

ಮೊದಲು ಬಾವೊ ಮೇಷ್ಟ್ರು ಎದ್ದರು. ವಿಭಾಗದಲ್ಲಿ ನನಗಿಂತ ಹಿರಿಯರು ಅವರೊಬ್ಬರೇ. "ನನ್ನ ಪಾಲಿಗೆ ಎಸ್ ಮತ್ತು ಟಿ ಬಂದಿತ್ತು. ಡಿ ಅನ್ನೋ ಅಕ್ಷರ ಈ ವರ್ಷ ನಾನು ಕಣ್ಣಲ್ಲೂ ನೋಡಿಲ್ಲ. ಕಣ್ಣಿಗೆ ಪೊರೆ ಬೇರೆ ಬಂದಿದೆ, ಡಾಕ್ಟ್ರ ಚೀಟಿ ತಂದಿದೀನಿ" ಎಂದರು. ಚೀಟಿಯನ್ನು ನಿಜವಾಗಿಯೂ ತೋರಿಸಿದರು. ಅವರ ಮಾತು ಡಿನೈ, ನೂರಕ್ಕೆ ತೊಂಬತ್ತು ಅಂಕ ಕೊಡಬಹುದು.

ಆಮೇಲೆ ಶೀ ಯಾನ್. ನಲವತ್ತರ ಹೆಂಗಸು, ನನ್ನ ಜಾಗ ಮುಂದೆ ಅವಳದೇ. ಅವಳು ಪುಟ ನೋಡಿರಲಿಲ್ಲ ಎಂದಷ್ಟೇ ಹೇಳಿ ಕೂರಬಹುದಾಗಿತ್ತು. ಕೂರಲಿಲ್ಲ. "ಪೆಯ್ ಲೀ ವಿಷಯದಲ್ಲಿ ನಂಗೆ ಮೊದಲಿಂದಲೂ ಸಮಾಧಾನ ಇರ್ಲಿಲ್ಲ. ಸ್ವಭಾವವೇ ಹುಡುಗಾಟ. ನಮ್ಮ ವಿಭಾಗದ ರೀತಿನೀತಿಗೆ ಸೇರಿದವಳು ಅಂತ ನಾನ್ಯಾವತ್ತೂ ಅಂದ್ಕೊಂಡಿಲ್ಲ" ಎಂದಳು. ಕಳೆದ ತಿಂಗಳು ಇದೇ ಹುಡುಗಿ ಅವಳ ಮಗನಿಗೆ ಎರಡು ವಾರ ಪಾಠ ಹೇಳಿಕೊಟ್ಟಿದ್ದಳು. ಅದು ಡಿಸ್‌ಓನ್. ಪೆಯ್ ಲೀ ತನ್ನ ಬೆರಳ ಉಗುರನ್ನೇ ನೋಡುತ್ತಾ ಕೂತಿದ್ದಳು.

ನನ್ನ ಸರದಿ ಬಂತು. ನಾನು ಚೀಲದಿಂದ ಕರಡು ಪುಟ ತೆಗೆದು ಮೇಜಿನ ಮೇಲಿಟ್ಟೆ. "ಈ ಕೆಂಪು ಟಿಕ್ ನಂದು" ಎಂದೆ.

ಕುವಾಂಗ್ ಪುಟವನ್ನು ನೋಡಲೇ ಇಲ್ಲ. "ಟೀಚರ್, ಮುನ್ನೂರು ಪದ, ಪರೀಕ್ಷೆ ಗಡಿಬಿಡಿ. ಓದ್ದೇ ಟಿಕ್ ಹಾಕಿರ್ತೀರಿ. ಯಾರಿಗಾದ್ರೂ ಆಗುತ್ತೆ" ಎಂದರು. ನನಗೆ ಹೊರಹೋಗಲು ಬಾಗಿಲು ತೆರೆದು ಹಿಡಿದು ನಿಂತಿದ್ದರು, ಅದಕ್ಕೆ ನಾನು ಕೃತಜ್ಞಳು.

"ಓದಿದೆ ಸಾರ್. ಎರಡು ಸಲ ಓದಿದೆ. ನಕ್ಕೆ. ಚೆನ್ನಾಗಿದೆ ಅಂತ ಹೇಳಿ ಟಿಕ್ ಹಾಕಿದೆ. ಮಕ್ಕಳು ಕಂಡಿದ್ದನ್ನೇ ಬರೀಬೇಕು ಅಂತ ನಿಯಮ ಹಾಕಿದ್ದೂ ನಾನೇ."

"ನೀವು ನಕ್ರೋ ಇಲ್ವೋ ಅಂತ ಇಲ್ಲಿ ಯಾರೂ ಕೇಳ್ಲಿಲ್ಲ!"

"ಕೇಳ್ಲಿಲ್ಲ ಸಾರ್. ನಾನೇ ಹೇಳ್ತಿದೀನಿ."

ಬಾವೊ ಮೇಷ್ಟ್ರು ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಎಲ್ಲರಿಗೂ ತಿಳಿಯಿತು. ಶೀ ಯಾನ್ ಕಿಟಕಿಯ ಕಡೆ ತಿರುಗಿದಳು. ಕುವಾಂಗ್ ಚಹಾದ ಲೋಟಕ್ಕೆ ಮುಚ್ಚಳ ಹಾಕಿ, ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಧೈರ್ಯವಂತೆಯ ಹಾಗೆ ಬರೆಯುತ್ತಿದ್ದೇನೆ, ಆದರೆ ನಿಜ ಹೇಳಬೇಕೆಂದರೆ ಎದ್ದು ನಿಂತಾಗ ಮೇಜು ಹಿಡಿದುಕೊಂಡಿದ್ದೆ.

ಪರಿಣಾಮ ಶುಕ್ರವಾರ ಗೊತ್ತಾಯಿತು. ಪುಸ್ತಕಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕು. ವಿಭಾಗ ಒಟ್ಟಾಗಿ ಒಂದು ತಪ್ಪೊಪ್ಪಿಗೆ ಬರೆಯಬೇಕು, ಅದನ್ನು ನಾನೇ ಬರೆದುಕೊಟ್ಟೆ, ಅಂಥದ್ದರಲ್ಲಿ ನನ್ನ ಕೈ ಪಳಗಿದೆ. ಪೆಯ್ ಲೀ ಕಾಯಂ ಆಗುವುದು ಆರು ತಿಂಗಳು ಮುಂದಕ್ಕೆ ಹೋಗಿದೆ, ಆದರೆ ಕೆಲಸ ಉಳಿಯಿತು. ವಿಶೇಷ ದರ್ಜೆಯ ಪಟ್ಟಿಯಿಂದ ನನ್ನ ಹೆಸರು ತೆಗೆದು ಭೌತಶಾಸ್ತ್ರದವರ ಹೆಸರು ಸೇರಿಸಿದ್ದಾರೆ. ಅವರು ಒಳ್ಳೆಯ ಮೇಷ್ಟ್ರು, ನನಗೆ ಹೊಟ್ಟೆಯುರಿ ಇಲ್ಲ. ಸ್ವಲ್ಪ ಇದೆ. ಹಿಂದಕ್ಕೆ ಬಂದ ಪುಸ್ತಕಗಳಲ್ಲಿ ಹೆಚ್ಚಿನವುಗಳಲ್ಲಿ ನಲವತ್ತೊಂದನೆಯ ಪುಟವನ್ನು ಮಕ್ಕಳು ಅಂದವಾಗಿ ಹರಿದಿಟ್ಟುಕೊಂಡಿದ್ದಾರೆ. ಆ ಪದವನ್ನು ಈ ವರ್ಷ ಯಾರೂ ತಪ್ಪು ಬರೆಯುವುದಿಲ್ಲ.

ನಮ್ಮವರು ಒಂದು ದಿನ ಮಾತು ಬಿಟ್ಟರು. ಎರಡನೆಯ ದಿನ ಬೆಳಿಗ್ಗೆ ಎದ್ದು ಹೋಗಿ ನನ್ನಿಷ್ಟದ ನೂಡಲ್ ಅಂಗಡಿಯಿಂದ ಬಿಸಿ ಬಿಸಿ ಕಟ್ಟಿಸಿಕೊಂಡು ಬಂದು, "ತಿನ್ನು, ಸಾಮಾನ್ಯ ದರ್ಜೆ ಟೀಚರ್" ಎಂದರು. ವಿನೆಗರ್ ಕಡಿಮೆ ಹಾಕಿಸಿದ್ದರು, ಅದಕ್ಕೂ ಒಂದು ಜಗಳವಾಯಿತು.

ಪೆಯ್ ಲೀ ಮೆಟ್ಟಿಲ ಬಳಿ ನಿಲ್ಲಿಸಿ, "ನೀವು ಬೇರೆಯವರ ಥರ ಅಲ್ಲ ಟೀಚರ್, ನೀವು ಜನ್ಮದಲ್ಲಿ ಯಾರನ್ನೂ ಬಿಟ್ಟುಕೊಟ್ಟೋರಲ್ಲ ಅಂತ ನಂಗೆ ಗೊತ್ತಿತ್ತು" ಎಂದಳು. ತರಗತಿಗೆ ಹೊತ್ತಾಯಿತೆಂದು ಹೇಳಿ ಬಂದುಬಿಟ್ಟೆ. ಅಂದು ನನಗೆ ತರಗತಿಯೇ ಇರಲಿಲ್ಲ.

ಅಕ್ಕ, ರುಯಿರುಯಿ ಚೆನ್ನಾಗಿ ಬರೆಯಲಿ. ಅವಳಿಗೆ ಒಳ್ಳೆಯ ವಿಶ್ವವಿದ್ಯಾಲಯ ಸಿಗಲಿ, ಅವಳ ಅಜ್ಜನ ಭಾಷೆ ಅವಳ ನಾಲಿಗೆಯಲ್ಲಿ ಹಾಯಾಗಿ ಕೂರಲಿ. ಅಲ್ಲಿನ ಹಿಮವೆಲ್ಲ ಕರಗಿ ನಿನ್ನ ಮಂಡಿ ಸಡಿಲಾಗಲಿ. ನಿಮ್ಮಿಬ್ಬರ ತಟ್ಟೆಯಲ್ಲಿ ಅನ್ನ, ಮನೆಯಲ್ಲಿ ನಗು ಕಡಿಮೆಯಾಗದಿರಲಿ.

ನಿನ್ನ ತಂಗಿ ಎಂದು ಬರೆದುಕೊಳ್ಳಲು ಇನ್ನೂ ಒಪ್ಪುವೆಯಾದರೆ, ತಂಗಿ,
ಶುಯೂನ್

ಮರೆತ ಮಾತು: ಮರೆತದ್ದಲ್ಲ, ಮೂವತ್ತಾರು ವರ್ಷ ಮುಂದೂಡಿದ್ದು. ಲಕೋಟೆ ಅಂಟಿಸುವ ಮುಂಚೆ ಬರೆದುಬಿಡುತ್ತೇನೆ.

ಕತ್ತಿನ ಮೇಲೆ ಕೈಯಿಟ್ಟು ಓದಿಸಿದರು ಎಂದು ನೀನು ಬರೆದಿದ್ದೀಯ. ಯಾರೂ ಕೈಯಿಟ್ಟಿರಲಿಲ್ಲ. ನಿಮ್ಮಪ್ಪ ಹಿಂದೆ ವಿದೇಶಿ ಹಡಗು ಕಂಪನಿಯಲ್ಲಿ ಗುಮಾಸ್ತರಾಗಿದ್ದದ್ದು ಆ ಹೊತ್ತಿಗೆ ಊರು ಮರೆತಿತ್ತು, ಅವರು ಬೆಂಕಿಪೆಟ್ಟಿಗೆ ಕಾರ್ಖಾನೆಯ ಗೇಟಿನಲ್ಲಿ ಕೂರುವ ಮುದುಕರಷ್ಟೇ ಆಗಿದ್ದರು. ಆ ವಾರ ಅಂಥದೇ ಕಂಪನಿಯಲ್ಲಿದ್ದ ಬೇರೆ ಇಬ್ಬರು ಗುಮಾಸ್ತರನ್ನು ಎಳೆದುಕೊಂಡು ಹೋದರು. ಅಂಥವರ ಜೊತೆ ಒಡನಾಟ ಇದ್ದವರು ತಾವಾಗಿ ಹೇಳಿದರೆ ಕ್ಷಮೆ, ಬೇರೆಯವರಿಂದ ತಿಳಿದರೆ ಕ್ಷಮೆಯಿಲ್ಲ ಎಂದು ಶಾಲೆಯಲ್ಲಿ ಮಾತು ಹಬ್ಬಿತು. ನನಗೆ ಭಯವಾಯಿತು. ನಾಳೆ ಯಾರಾದರೂ ನನ್ನ ಭಾನುವಾರಗಳ ಬಗ್ಗೆ ಹೇಳುತ್ತಾರೆ ಎಂದುಕೊಂಡೆ. ಯಾರೂ ಹೇಳುವವರಿರಲಿಲ್ಲ, ನಮ್ಮ ಮೂವರಿಗಲ್ಲದೆ ಅದು ಯಾರಿಗೂ ಗೊತ್ತಿರಲಿಲ್ಲ. ಆದರೂ ಎಲ್ಲರಿಗಿಂತ ಮೊದಲು ನಾನು ಗೆರೆ ಎಳೆದುಬಿಡಬೇಕೆಂದು ಹೇಳಿಕೆ ಬರೆದೆ. ಭಾನುವಾರದ ಇಂಗ್ಲಿಷ್ ಪಾಠ, ಮಂಚದ ಹಲಗೆಯ ಕೆಳಗಿನ ಪುಸ್ತಕಗಳು, ಎಲ್ಲವನ್ನೂ ಹೆಸರಿಸಿ, ಅವಕ್ಕೂ ನನಗೂ ಸಂಬಂಧವಿಲ್ಲವೆಂದು ಬರೆದೆ.

ನಿಮ್ಮಪ್ಪನ ಹೆಸರು ಕೊಟ್ಟದ್ದು ಕೆಳಗಿನ ಮನೆಯ ಲೂ ಅಮ್ಮ ಎಂದು ನೀನು ಇಂದಿಗೂ ನಂಬಿದ್ದೀಯ. ದೊಡ್ಡಪ್ಪ ದುಡಿಮೆಯ ಶಿಬಿರದಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ಅವಳು ತಂದ ಗಂಜಿಯನ್ನು ನೀನು ಅಂಗಳಕ್ಕೆ ಚೆಲ್ಲಿದೆಯಂತೆ. ಅವಳು ಇನ್ನೂ ಬದುಕಿದ್ದಾಳೆ ಅಕ್ಕ. ಎಂಬತ್ತನಾಲ್ಕು ವರ್ಷ. ಅವಳು ಯಾರ ಹೆಸರನ್ನೂ ಕೊಟ್ಟವಳಲ್ಲ.

ಮಂಗಳವಾರ ನಾನೇ ಕಾಗದ ಹಿಡಿದು ಧ್ವನಿವರ್ಧಕದ ಕೋಣೆಗೆ ಹೋದೆ, ನನಗೆ ಓದಲು ಸಮಯ ಕೊಡುತ್ತೀರಾ ಎಂದು ಕೇಳಿದೆ. ಮೇಜಿನ ಹಿಂದೆ ಕೂತಿದ್ದ ದೊಡ್ಡ ತರಗತಿಯ ಹುಡುಗಿ ಹಾಳೆಯ ಮೇಲೆ ಬೆರಳು ಆಡಿಸಿ ನೋಡಿ, "ಯಾವ ಚಿಯೂ? ಈ ಹೆಸರು ನಮ್ಮ ಪಟ್ಟೀಲಿ ಇಲ್ವಲ್ಲ" ಎಂದಳು.

ನಾನು ಓಣಿಯ ಹೆಸರು ಹೇಳಿದೆ, ಮನೆಯ ನಂಬರನ್ನೂ ಹೇಳಿದೆ.